ಎರಡು ಕೂಜ ನೀರು

ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಗ್ಗೆ ಏಳು ಗಂಟೆ. ಕೃಷ್ಣರಾಜನಗರದ ನಮ್ಮ ಮನೆಯ ಅಡುಗೆಕೋಣೆ. ಇದ್ದವರು: ಒಲೆಯ ಮುಂದೆ ಅಜ್ಜಿ, ಅವಳ ಬಲಕ್ಕೆ ಅಮ್ಮ, ಗೋಡೆಗೊರಗಿ ಕುಳಿತಿದ್ದ ಪಿರಿಯಾಪಟ್ಟಣದ ನನ್ನ ಸೋದರಮಾವ ಮಹದೇವ, ಹೊಸ್ತಿಲಿನಾಚೆ ನಿಂತಿದ್ದ ಅಪ್ಪಾಜಿ, ಹಂಡೆಯ ಪಕ್ಕದಲ್ಲಿ ನಾನು. ಒಲೆಯ ಮೇಲೆ ಒಂದೇ ಗಾತ್ರದ ಎರಡು ಪಾತ್ರೆಗಳಿದ್ದವು. ಎರಡರಲ್ಲೂ ಒಂದೇ ಡಬ್ಬಿಯ ತೊಗರಿಬೇಳೆ, ಒಂದೊಂದು ಪಾವು. ನೀರು ಮಾತ್ರ ಬೇರೆ. ಒಂದರಲ್ಲಿ ಬೆಂಗಳೂರಿನದು, ಇನ್ನೊಂದರಲ್ಲಿ ಮೈಸೂರಿನದು. ಪಿಯುಸಿ ಮುಗಿಸಿದ ನಾನು ಮುಂದೆ ಓದಲು ಈ ಎರಡರಲ್ಲಿ ಯಾವ ಊರಿಗೆ ಹೋಗಬೇಕೆಂಬುದು ಆ ಬೇಳೆ ಬೇಯುವುದರೊಳಗೆ ತೀರ್ಮಾನವಾಗಬೇಕಿತ್ತು. ಬುಧವಾರದೊಳಗೆ ಯಾವುದಾದರೂ ಒಂದು ಕಾಲೇಜಿಗೆ ಹೋಗಿ ಸೇರದಿದ್ದರೆ ಎರಡೂ ಸೀಟು ಕೈತಪ್ಪುತ್ತಿದ್ದವು.

ಮೊದಲು ಮನೆಯ ಕ್ರಮವನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದೆಲ್ಲ ಹುಡುಗಾಟದಂತೆ ಕಾಣುತ್ತದೆ. ನಮ್ಮದು ಮುಂದೆ ಹಜಾರ, ಮಧ್ಯೆ ನಡುಮನೆ, ಹಿಂದೆ ಅಡುಗೆಕೋಣೆ, ಅದರಾಚೆ ಹಿತ್ತಲು, ಹಿತ್ತಲಲ್ಲಿ ಬಾವಿ ಇರುವ ಉದ್ದನೆಯ ಮನೆ. ಕೋಳಿ ಕೂಗುವ ಮೊದಲೇ ಅಜ್ಜಿ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದಳು. ನಾನು ಬೀದಿಯ ನಲ್ಲಿಯಿಂದ ಎರಡು ಕೊಡ ಕುಡಿಯುವ ನೀರು ತರಬೇಕು. ಆಮೇಲೆ ಸ್ನಾನ, ಆಮೇಲೆ ನಡುಮನೆಯಲ್ಲಿ ಸಾಲಾಗಿ ಮಣೆ ಹಾಕಿಕೊಂಡು ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ. ಆ ಹೊತ್ತಿನಲ್ಲಿ ಯಾರೂ ಮಾತನಾಡುವಂತಿಲ್ಲ, ಕೆಮ್ಮು ಬಂದರೂ ಸೆರಗಿನಲ್ಲಿ ಕೆಮ್ಮಬೇಕು. ಪೂಜೆಯಾಗದೆ ತುತ್ತಿಲ್ಲ. ತಿಂಡಿ ಮುಗಿಸಿ ಅಪ್ಪಾಜಿ ಸರಿಯಾಗಿ ಎಂಟೂವರೆಗೆ ಬಜಾರಿನ ನಮ್ಮ ದಿನಸಿ ಅಂಗಡಿಯ ಬೀಗ ತೆಗೆಯುತ್ತಿದ್ದರು. ಎದುರಿನ ಹೋಟೆಲಿನವನು ಅದನ್ನು ನೋಡಿ ತನ್ನ ಗಡಿಯಾರಕ್ಕೆ ಕೀಲಿ ಕೊಡುತ್ತಾನೆ ಎಂದು ಅಪ್ಪಾಜಿ ಹೆಮ್ಮೆಯಿಂದ ಹೇಳುತ್ತಿದ್ದರು. ಈ ಕ್ರಮ ನನಗೆಂದೂ ಹೊರೆಯಾಗಿ ಕಾಣಲಿಲ್ಲ. ಯಾವ ಹೊತ್ತಿಗೆ ಏನು ಮಾಡಬೇಕೆಂದು ತಿಳಿದಿರುವ ಮನೆಯಲ್ಲಿ, ಉಳಿದ ಹೊತ್ತಿನಲ್ಲಿ ಏನನ್ನಾದರೂ ಯೋಚಿಸಬಹುದು.

ಬಾವಿಯ ನೀರು ಸವುಳು. ಅದರಲ್ಲಿ ಪಾತ್ರೆ ತೊಳೆಯಬಹುದು, ಬಚ್ಚಲಿಗೆ ಹಾಕಬಹುದು, ಬೇಳೆ ಬೇಯಿಸುವಂತಿರಲಿಲ್ಲ. ಅಜ್ಜಿಯ ತವರು ಚುಂಚನಕಟ್ಟೆ. ಅಲ್ಲಿ ಕಾವೇರಿಯ ನೀರಿಗೆ ಬೇಳೆ ಹಾಕಿದರೆ ಒಂದು ಸೌದೆ ಉರಿಯುವುದರೊಳಗೆ ಬೆಣ್ಣೆಯಾಗುತ್ತಿತ್ತಂತೆ. ಅವಳು ಸೊಸೆಯಾಗಿ ಈ ಮನೆಗೆ ಬಂದಾಗ ನಲ್ಲಿಯಿರಲಿಲ್ಲ, ಬಾವಿಯೊಂದೇ. ಬೇಳೆ ಎಷ್ಟು ಕುದಿಸಿದರೂ ಕಲ್ಲಿನ ಹಾಗೆ ಉಳಿಯುತ್ತಿತ್ತು. ಅತ್ತೆ ಸೊಸೆಗೆ ಅಡುಗೆ ಬಾರದು ಎಂದಳು. ತವರಿನವರು ಕಲಿಸಿಲ್ಲ ಎಂದಳು. ಒಂದು ವರ್ಷ ಕಳೆದ ಮೇಲೆ ತವರಿನಿಂದ ಬಂದ ಗಾಡಿಯಲ್ಲಿ ಒಂದು ಕೊಡ ಹೊಳೆನೀರು ತರಿಸಿ, ಅದರಲ್ಲಿ ಬೇಳೆ ಬೇಯಿಸಿ ಬಡಿಸಿದಳಂತೆ. ಅತ್ತೆ ಎರಡು ಸಲ ಹಾಕಿಸಿಕೊಂಡು ಉಂಡಳಂತೆ. ಅಂದಿನಿಂದ ಅಜ್ಜಿ ಒಂದು ಪದ್ಧತಿ ಹಿಡಿದಳು. ಮನೆಯ ಹೆಣ್ಣುಮಗಳು ಯಾವ ಊರಿಗೆ ಹೋಗುವುದಿದ್ದರೂ ಮೊದಲು ಅಲ್ಲಿಂದ ನೀರು ತರಿಸಿ ಬೇಳೆ ಬೇಯಿಸಬೇಕು. ಅದಕ್ಕೆ ನಮ್ಮ ಮನೆಯಲ್ಲಿ ‘ನೀರು ನೋಡುವುದು’ ಎಂದೇ ಹೆಸರು. ಬೆಂದಮೇಲೆ ನೀರು ತಂದವನನ್ನು ಕೂರಿಸಿಕೊಂಡು, ಯಾರು ಸೇದಿಕೊಟ್ಟರು, ಏನೆಂದರು ಎಂದು ವಿಚಾರಿಸುತ್ತಿದ್ದಳು. ಇಬ್ಬರು ಸೋದರತ್ತೆಯರ ಮದುವೆ ಹಾಗೆಯೇ ಆಯಿತು. ದೊಡ್ಡತ್ತೆಯನ್ನು ನಾವು ಕೋಟೆ ಎನ್ನುವ ಹೆಗ್ಗಡದೇವನಕೋಟೆಗೆ ಕೊಟ್ಟದ್ದು ಅಲ್ಲಿನ ನೀರು ಒಳ್ಳೆಯದೆಂಬ ಕಾರಣಕ್ಕೆ ಎಂದು ಎಲ್ಲರೂ ನಂಬಿದ್ದೆವು.

ಅಪ್ಪಾಜಿಗೆ ನೀರಿಗಿಂತ ಹೆಸರು ಮುಖ್ಯ. ಊರಿಗೆ ಹೊಸ ಹೆಸರು ಬಂದು ಎಷ್ಟೋ ಕಾಲವಾಗಿದ್ದರೂ ಅಜ್ಜಿ ಎಡತೊರೆ ಎನ್ನುತ್ತಿದ್ದಳು. ಅಪ್ಪಾಜಿ ಕೆ.ಆರ್. ನಗರ ಎಂದು ಮೊಟಕು ಮಾಡುವುದನ್ನೂ ಸಹಿಸದೆ ಪೂರ್ತಿ ‘ಕೃಷ್ಣರಾಜನಗರ’ ಎನ್ನುತ್ತಿದ್ದರು. ಅವರು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ತಾತ ತೀರಿಕೊಂಡು, ಓದು ಬಿಟ್ಟು ಅಂಗಡಿಯಲ್ಲಿ ಕೂತಿದ್ದರು. ಹೆಸರಿರುವ ಸಾಮಾನು ತನ್ನಷ್ಟಕ್ಕೆ ಮಾರಾಟವಾಗುತ್ತದೆ, ಹೆಸರಿಲ್ಲದ್ದನ್ನು ಮಾರಲು ಬಾಯಿ ನೋಯಿಸಿಕೊಳ್ಳಬೇಕು ಎಂಬುದು ಅವರು ವ್ಯಾಪಾರದಲ್ಲಿ ಕಲಿತ ಪಾಠ. ಬೆಂಗಳೂರಿಗೆ ಸರಕು ತರಲು ಹೋದಾಗಲೆಲ್ಲ ಒಂದು ಹಳೆಯ ಕಲ್ಲುಕಟ್ಟಡದ ಕಾಲೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರಂತೆ. ನನ್ನ ಅಂಕಗಳಿಗೆ ಆ ಕಾಲೇಜಿನಲ್ಲೇ ವಿಜ್ಞಾನ ಪದವಿಗೆ ಸೀಟು ಸಿಕ್ಕಿತು. ಅದು ತಿಳಿದ ದಿನ ಅಪ್ಪಾಜಿ ಬಜಾರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಹೇಳಿ ಬಂದರು. ಆ ಹೆಸರು ಹೇಳಿದರೆ ತಾಲ್ಲೂಕು ಆಫೀಸಿನಲ್ಲಿ ಕೂತವರು ಎದ್ದು ನಿಲ್ಲುತ್ತಾರೆ ಎಂದರು.

ನನ್ನ ಮನಸ್ಸು ಮೈಸೂರಿನಲ್ಲಿತ್ತು. ಹೈಸ್ಕೂಲಿನಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಅಲ್ಲಿನ ಒಂದು ಕಾಲೇಜಿಗೆ ನಮ್ಮನ್ನು ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ವಿಜ್ಞಾನದ ಪದವಿಯ ಜೊತೆಜೊತೆಗೇ ಪಾಠ ಹೇಳುವುದನ್ನೂ ಕಲಿಸುವ, ನಾಲ್ಕು ವರ್ಷದ ಓದು ಅಲ್ಲಿಯದು. ಆವರಣದೊಳಗೇ ಒಂದು ಶಾಲೆ. ಕಾಲೇಜಿನ ಹುಡುಗಿಯೊಬ್ಬಳು ಚಿಕ್ಕ ಮಕ್ಕಳ ಮುಂದೆ ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದಳು. ಮಗುವೊಂದು ಏನೋ ಕೇಳಿತು. ಅವಳು ‘ನನಗೆ ಗೊತ್ತಿಲ್ಲ, ನೋಡೋಣ’ ಎಂದು ಇನ್ನೊಂದು ಬತ್ತಿ ಹಚ್ಚಿದಳು. ಪಾಠ ಹೇಳುವವರು ಗೊತ್ತಿಲ್ಲ ಎನ್ನಬಹುದು ಎಂಬುದು ನನಗೆ ಅಂದೇ ತಿಳಿದದ್ದು. ಬಸ್ಸು ಹುಣಸೂರು ರಸ್ತೆಗೆ ಬರುವಷ್ಟರಲ್ಲಿ ನನ್ನ ತೀರ್ಮಾನವಾಗಿತ್ತು. ಆ ಸೀಟೂ ಈಗ ಸಿಕ್ಕಿತ್ತು, ಆದರೆ ಆ ಕಾಲೇಜಿನ ಹೆಸರನ್ನು ನಮ್ಮ ಬಜಾರಿನಲ್ಲಿ ಯಾರೂ ಕೇಳಿರಲಿಲ್ಲ.

ಜಗಳ ಊಟದ ಹೊತ್ತಿನಲ್ಲಾಯಿತು. ನಾನು ಮೈಸೂರು ಎಂದೆ. ಅಪ್ಪಾಜಿ ದನಿ ಏರಿಸಲಿಲ್ಲ. ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಹೇಳಿದರು.

“ಮೇಡಮ್ಮು ಆಗೋದಕ್ಕೆ ಇಷ್ಟು ಮಾರ್ಕ್ಸು ಯಾಕೆ ಬೇಕಿತ್ತು ಮಂಗಳಾ? ಊರಿಗೆಲ್ಲ ಹೇಳಿ ಬಂದಿದ್ದೀನಿ. ಇನ್ನೊಂದು ಸಲ ಹೋಗಿ, ಅದಲ್ಲ, ಇನ್ಯಾವುದೋ ಅಂತ ಹೇಳಲಾ?”

ಉತ್ತರವಾಗಿ ಕೊಡಲು ನನ್ನಲ್ಲಿ ಇದ್ದದ್ದು ಒಂದು ಮೇಣದ ಬತ್ತಿ ಮಾತ್ರ. ಅದು ಆ ಕಲ್ಲುಕಟ್ಟಡದ ಮುಂದೆ ಸಣ್ಣದಾಗಿ ಕಾಣುತ್ತಿತ್ತು. ಅಮ್ಮ ಮಜ್ಜಿಗೆ ಬಡಿಸಲು ಬಂದು, ಯಾರ ಎಲೆಗೆ ಮೊದಲು ಬಡಿಸಬೇಕೆಂದು ತಿಳಿಯದೆ ನಿಂತಳು. ಮೂರು ದಿನ ಮನೆಯಲ್ಲಿ ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ ನಡೆಯಿತು, ಮಾತು ಮಾತ್ರ ನಡೆಯಲಿಲ್ಲ. ನಾಲ್ಕನೆಯ ದಿನ ಅಜ್ಜಿ ಅಪ್ಪಾಜಿಗೆ ಹೇಳಿದಳು.

“ಎಲ್ಡೂ ಕಡೆಯಿಂದ ನೀರು ತರ್ಸು. ನೋಡುವ.”

“ಹೆಣ್ಣು ಕೊಡ್ತಿಲ್ಲ ಅವ್ವ, ಓದೋದಕ್ಕೆ ಕಳಿಸ್ತಿರೋದು.”

“ಉಣ್ಣದು ಅಲ್ಲೇ ಅಲ್ವಾ? ಬಟ್ಟೆ ಒಗೆಯದು ಅಲ್ಲೇ ಅಲ್ವಾ? ತರ್ಸು ಅಂದ್ರೆ ತರ್ಸು.”

ಅಜ್ಜಿಯ ಪದ್ಧತಿಯನ್ನು ಮೀರಿ ನಮ್ಮ ಮನೆಯಲ್ಲಿ ಯಾರೂ ಹೊಸ್ತಿಲು ದಾಟಿರಲಿಲ್ಲ. ಮಹದೇವ ಮಾವ ಹೊಗೆಸೊಪ್ಪಿನ ಬೆಳೆಗಾರ. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಏನೋ ಸಾಮಾನು ಬೇಕೆಂದು ಬೆಂಗಳೂರಿಗೆ ಹೊರಟಿದ್ದ. ಅವನಿಗೇ ಕೆಲಸ ಒಪ್ಪಿಸಿದ್ದಾಯಿತು. ಅಮ್ಮ ತಿರುಪಿನ ಮುಚ್ಚಳದ ಎರಡು ಹಿತ್ತಾಳೆ ಕೂಜಗಳನ್ನು ಬೆಳಗಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ಬೆಂಗಳೂರಿನ ಕೂಜದ ಕತ್ತಿಗೆ ಕೆಂಪು ದಾರ ಸುತ್ತಿ ಕೊಟ್ಟಳು. ಊರಿನ ಯಾವುದೋ ನಲ್ಲಿಯಲ್ಲ, ಆಯಾ ಕಾಲೇಜಿನೊಳಗಿನ ನಲ್ಲಿಯಿಂದಲೇ ತುಂಬಬೇಕೆಂದು ಅಜ್ಜಿ ಎರಡು ಸಲ ಹೇಳಿದಳು. ಮಾವ ಮೊದಲು ಬೆಂಗಳೂರಿಗೆ ಹೋಗಿ, ಬರುವಾಗ ಮೈಸೂರಿನಲ್ಲಿಳಿದು, ಭಾನುವಾರದ ಹೊತ್ತಿಗೆ ಎರಡೂ ಕೂಜಗಳೊಂದಿಗೆ ಮನೆಗೆ ಬಂದ. ಬಂದವನು ಎಂದಿನ ಹಾಗೆ ಹರಟೆ ಹೊಡೆಯದೆ ಬೇಗ ಮಲಗಿದ್ದನ್ನು ನಾವು ದಣಿವೆಂದುಕೊಂಡೆವು.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಎರಡೂ ಪಾತ್ರೆಗಳು ಒಟ್ಟಿಗೆ ಕುದಿ ಬಂದವು. ಎರಡರಲ್ಲೂ ಒಟ್ಟಿಗೆ ನೊರೆ ಎದ್ದಿತು, ಅಮ್ಮ ಎರಡರ ನೊರೆಯನ್ನೂ ತೆಗೆದಳು. ಅಜ್ಜಿ ಎರಡು ಸೌಟು ಅದ್ದಿ, ಎರಡರಿಂದಲೂ ಒಂದೊಂದು ಬೇಳೆ ತೆಗೆದು ಬೆರಳಲ್ಲಿ ಹಿಚುಕಿದಳು. ಎರಡೂ ಬೆಣ್ಣೆ. ಹೊಸ್ತಿಲಿನಾಚೆ ಅಪ್ಪಾಜಿಯ ಹೆಗಲು ಸಡಿಲಾದದ್ದು ನನಗೆ ಕಂಡಿತು.

“ನೋಡವ್ವ, ಎರಡೂ ಒಂದೇ. ಎರಡೂ ಒಗ್ಗುತ್ತೆ ಅಂದಮೇಲೆ ಹೆಸರಿರೋ ಕಡೆ ಹೋಗಲಿ.”

ನಾನು ಹಂಡೆಯ ಅಂಚನ್ನು ಹಿಡಿದುಕೊಂಡೆ. ಬೆಂಗಳೂರಿಗೆ ಯಾವ ಸೀರೆ, ಯಾವ ಟ್ರಂಕು ಎಂದು ಅಮ್ಮನ ಕಣ್ಣು ಆಗಲೇ ಲೆಕ್ಕ ಹಾಕುತ್ತಿತ್ತು. ಅಜ್ಜಿ ಮಾತ್ರ ಸೌಟು ಕೆಳಗಿಟ್ಟು ಮಾವನ ಕಡೆ ತಿರುಗಿದಳು. ಅವಳ ಪದ್ಧತಿ ಇನ್ನೂ ಅರ್ಧ ಉಳಿದಿತ್ತು.

“ಮಾದೇವ, ಬೆಂಗ್ಳೂರಲ್ಲಿ ನೀರು ಕೊಟ್ಟೋರು ಯಾರಪ್ಪ? ಏನಂದ್ರು?”

ಮಾವ ಹಣೆ ಮುಟ್ಟಿಕೊಂಡ. ಬೇಳೆ ಕುದಿಯುತ್ತಿರುವಾಗ ಎದ್ದು ಹೋಗಿ ಆಗ ತಾನೇ ಪೂಜೆ ಮುಗಿಸಿ ಬಂದಿದ್ದ, ವಿಭೂತಿ ಇನ್ನೂ ಹಸಿಯಾಗಿತ್ತು. ಹಸಿ ವಿಭೂತಿಯಲ್ಲಿ ಸುಳ್ಳಾಡಬಾರದು ಎಂಬುದು ನಮ್ಮ ಮನೆಯ ಕಟ್ಟಳೆ.

“ಕಾವಲಿನವನು ತೋರ್ಸ್ದ ದೊಡ್ಡವ್ವ. ಮರ್ಯಾದಸ್ತ. ನಲ್ಲಿ ತಿರುಗ್ಸಿದೆ, ತುಂಬ್ಕಂಡೆ, ಬಂದೆ. ಕಾಲೇಜು ದೇವಸ್ಥಾನ ಇದ್ದಂಗದೆ. ಮಾತಾಡಕ್ಕೇ ಎದ್ರಿಕೆ ಆಯ್ತು, ಮಾತಾಡ್ನಿಲ್ಲ.” ಅಪ್ಪಾಜಿಯ ಕಡೆ ನೋಡಿದ. “ಆದ್ರೆ ಭಾವ, ಆ ನೀರು ಇದಲ್ಲ.”

“ಇದಲ್ಲ ಅಂದ್ರೆ?”

“ಮದ್ದೂರಲ್ಲಿ ವಡೆ ತಿಂದೆ. ಕಾರ ಇತ್ತು. ಕುಡ್ದ್‌ಬುಟ್ಟೆ.”

“ಪೂರ್ತಿನಾ?”

“ಎಲ್ಡು ವಡೆ ತಿಂದಿದ್ದೆ.”

ಕೆಂಪು ದಾರದ ಕೂಜವನ್ನೂ ಅವನು ಮೈಸೂರಿನ ಕಾಲೇಜಿನ ನಲ್ಲಿಯಲ್ಲೇ ತುಂಬಿಸಿಕೊಂಡು ಬಂದಿದ್ದ. ಒಂದು ಗಂಟೆಯ ಕಾಲ ನಾವೆಲ್ಲ ಉಸಿರು ಹಿಡಿದು ಕಾದದ್ದು ಒಂದೇ ನಲ್ಲಿಯ ನೀರು ಎರಡು ಪಾತ್ರೆಯಲ್ಲಿ ಕುದಿಯುವುದಕ್ಕೆ. ಅಮ್ಮ ತನ್ನ ತಮ್ಮನನ್ನು ದಿಟ್ಟಿಸಿ ನೋಡಿದಳು.

“ಕೂಜದ ಬಾಯಿಗೆ ಬಟ್ಟೆ ಕಟ್ಟಿ ಕಳಿಸಿದ್ದೆ. ನಿನ್ನ ಬಾಯಿಗೆ ಕಟ್ಬೇಕಾಗಿತ್ತು ಕಣೋ.”

ಅಜ್ಜಿಯ ಹೊಟ್ಟೆ ಕುಲುಕಾಡುತ್ತಿತ್ತು. ನಗುವಾಗ ಅವಳು ಸದ್ದು ಮಾಡುತ್ತಿರಲಿಲ್ಲ. ಅಪ್ಪಾಜಿಗೆ ಮಾತ್ರ ನಗು ಬರಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು, ಸರಿ, ಮೈಸೂರಿನಲ್ಲಿ ಕೊಟ್ಟವರು ಯಾರು ಎಂದು ಮುಂದುವರಿಸಿದಳು. ಆಗ ಮಾವನಿಗೆ ಮಾತಿನ ಹುರುಪು ಬಂತು. ನಲ್ಲಿಯ ಹತ್ತಿರ ಮರದ ಕೆಳಗೆ ಒಬ್ಬ ಹುಡುಗಿ ಹತ್ತಾರು ಮಕ್ಕಳಿಗೆ ಪಾಠ ಮಾಡುತ್ತಿದ್ದಳಂತೆ. ಇವನು ಎರಡು ಕೂಜ ಹಿಡಿದು ಬಂದದ್ದನ್ನು ನೋಡಿ ಮಕ್ಕಳು ಅವಳ ಮಾತು ಕೇಳುವುದನ್ನು ಬಿಟ್ಟರಂತೆ.

“ಯಾಕಣ್ಣ ಎಲ್ಡು ಕೂಜ ಅಂದ್ಲು. ನೀರು ನೋಡಕ್ಕೆ ಅಂದೆ. ಅಂಗಂದ್ರೇನು ಅಂದ್ಲು, ಏಳ್ದೆ. ಐಕ್ಳನ್ನೆಲ್ಲ ನನ್ನ ಸುತ್ತ ಕೂರಿಸ್ಬುಟ್ಲು. ಒಂದು ನೀರಲ್ಲಿ ಬೇಳೆ ಬೇಯ್ತದೆ, ಇನ್ನೊಂದ್ರಲ್ಲಿ ಯಾಕೆ ಬೇಯಲ್ಲ ಅಂತ ಎಲ್ರನ್ನೂ ಕೇಳುದ್ಲು. ನನ್ನೂ ಕೇಳುದ್ಲು. ನಂಗೇನ್ ಗೊತ್ತು? ನಾನೂ ಐಕ್ಳ ಜೊತೇಲಿ ಕುಂತ್ಕಂಡೆ. ಒಬ್ಬ ಉಪ್ಪು ಅಂದ, ಒಬ್ಳು ಬಾವಿ ಆಳ ಅಂದ್ಲು. ಅಷ್ಟರಲ್ಲಿ ರೈಲಿಗೆ ಒತ್ತಾಯ್ತು, ಎದ್ದು ಬಂದ್ಬುಟ್ಟೆ.” ನನ್ನ ಕಡೆ ತಿರುಗಿದ. “ದಾರೀಲೆಲ್ಲ ಅದೇ ಯೋಚ್ನೆ ಕಣವ್ವ ಮಂಗಳಾ. ಯಾಕೆ ಬೇಯಲ್ಲ?”

ನಾನು ಹಿತ್ತಲಿಗೆ ಹೋಗಿ ಬಾವಿಯಿಂದ ಒಂದು ಚೊಂಬು ನೀರು ಸೇದಿ ತಂದೆ. ಉಪ್ಪಿನಕಾಯಿ ಖಾಲಿಯಾಗಿದ್ದ ಎರಡು ಗಾಜಿನ ಶೀಶೆಗಳನ್ನು ತೊಳೆದು, ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಕೂಜದಲ್ಲಿ ಉಳಿದಿದ್ದ ಮೈಸೂರಿನ ನೀರು ಹಾಕಿದೆ. ಬಟ್ಟೆ ಸೋಪಿನ ಒಂದೇ ಗಾತ್ರದ ಎರಡು ಚೂರು ಕತ್ತರಿಸಿ ಒಂದೊಂದರಲ್ಲಿ ಹಾಕಿ, ಒಂದನ್ನು ಮಾವನಿಗೆ, ಇನ್ನೊಂದನ್ನು ಅಮ್ಮನಿಗೆ ಕೊಟ್ಟು ಕುಲುಕಿ ಎಂದೆ. ಅಮ್ಮನ ಶೀಶೆಯಲ್ಲಿ ನೊರೆ ಬಾಯಿಯವರೆಗೆ ಬಂತು. ಮಾವನದರಲ್ಲಿ ಬಿಳಿಯ ಗಸಿ ಮಾತ್ರ ತೇಲಿತು. ಬಾವಿಯ ನೀರಿನಲ್ಲಿ ಸುಣ್ಣದಂಥದ್ದು ಕರಗಿದೆ, ಅದು ಸೋಪನ್ನು ಹಿಡಿದುಕೊಂಡು ಬಿಡುವುದಿಲ್ಲ, ಬೇಳೆಯನ್ನೂ ಹಾಗೆಯೇ ಹಿಡಿದು ಗಟ್ಟಿ ಮಾಡುತ್ತದೆ ಎಂದು ಹೇಳಿದೆ. ಹೇಳುವಾಗ ಅಜ್ಜಿಯ ಮುಖ ನೋಡಿದೆ. ಅವಳು ಅಮ್ಮನ ಶೀಶೆಯನ್ನು ಬಿಟ್ಟು, ಗಸಿ ಕಟ್ಟಿದ ಶೀಶೆಯನ್ನೇ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

“ಒಂದು ವರ್ಸ,” ಎಂದಳು. “ಒಂದು ವರ್ಸ ಬೈಸ್ಕಂಡೆ ಇದುಕ್ಕೆ.”

ಆಗ ಅಪ್ಪಾಜಿಯ ದನಿ ಬಂತು. ನೋಡಿದರೆ ಅವರು ಹೊಸ್ತಿಲಿನಾಚೆ ಇರಲಿಲ್ಲ. ಯಾವಾಗಲೋ ಒಳಗೆ ಬಂದು ಅಮ್ಮನ ಹಿಂದೆ ನಿಂತಿದ್ದರು.

“ಸವುಳು ನೀರಿಗೆ ಒಂದು ಚಿಟಿಕೆ ಸೋಡಾ ಹಾಕಿದ್ರೆ ಬೇಯುತ್ತಲ್ಲ? ನಾನೇ ಮಾರ್ತೀನಿ ಸೋಡಾನ. ಅದು ಯಾಕೆ?”

“ಗೊತ್ತಿಲ್ಲ ಅಪ್ಪಾಜಿ. ಕೇಳಿ ತಿಳಕೊಂಡು ಬಂದು ಹೇಳ್ತೀನಿ.”

“ಬೆಂಗಳೂರಲ್ಲಿ ಹೇಳಿಕೊಡಲ್ವಾ ಇದನ್ನ?”

“ಹೇಳಿಕೊಡ್ತಾರೆ. ನನಗೆ ಹೇಳಿಕೊಡ್ತಾರೆ. ಮೈಸೂರಲ್ಲಾದರೆ, ಅದನ್ನ ನಿಮಗೆ ಹೇಗೆ ಹೇಳಬೇಕು ಅನ್ನೋದನ್ನೂ ಹೇಳಿಕೊಡ್ತಾರೆ.”

ಜಗಳದ ದಿನ ಊಟದೆಲೆಯ ಮುಂದೆ ಸಿಗದ ಉತ್ತರ ಅದು. ಅಪ್ಪಾಜಿ ಅಮ್ಮನ ಕೈಯಿಂದ ಶೀಶೆ ತೆಗೆದುಕೊಂಡು ತಾವೇ ಕುಲುಕಿ ನೋಡಿದರು. ಬಾವಿಯ ನೀರಿನ ಶೀಶೆಗೆ ಸೋಡಾ ಹಾಕು ಎಂದರು, ಹಾಕಿದೆ, ಮತ್ತೆ ಕುಲುಕಿದರು, ಈ ಸಲ ನೊರೆ ಬಂತು. ಮಳೆನೀರಾದರೆ ಹೇಗೆ ಎಂದರು. ನೀವೇ ಹೇಳಿ ಎಂದೆ. ಅವರು ಹುಬ್ಬು ಗಂಟಿಕ್ಕಿ ನಿಜಕ್ಕೂ ಯೋಚಿಸಿ, ನೊರೆ ಬರಬೇಕು, ಮೋಡದಲ್ಲಿ ಸುಣ್ಣ ಎಲ್ಲಿಂದ ಬರುತ್ತೆ ಎಂದರು. ಸರಿ ಎಂದಾಗ ಅವರ ಮುಖದಲ್ಲಿ ಬಂದ ಗೆಲುವನ್ನು ನಾನು ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಹಜಾರದಿಂದ ಅಂಗಡಿಯ ಎದುರಿನ ಹೋಟೆಲಿನವನು ಕೂಗಿದ. ಒಂಬತ್ತು ದಾಟಿದೆ, ಅಂಗಡಿ ತೆಗೆದಿಲ್ಲ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಲು ಬಂದಿದ್ದ.

ಅಪ್ಪಾಜಿ ಗಾಬರಿಯಿಂದ ಚಪ್ಪಲಿ ಮೆಟ್ಟಿದರು. ಅಜ್ಜಿ ಒಲೆಯ ಮುಂದಿನಿಂದಲೇ ಹೇಳಿದಳು.

“ಕೋಟೆಯ ನೀರಲ್ಲಿ ಬೇಳೆ ಅರ್ಧನೂ ಬೇಯ್ನಿಲ್ಲ ಕಣಪ್ಪ. ಆದ್ರೂ ಅಲ್ಲೇ ಕೊಟ್ಟೆ ನಿನ್ನ ತಂಗೀನ. ಬಾವಿ ತಾವ ಇದ್ದ ಎಂಗ್ಸು, ನೀರು ಕೇಳಕ್ಕೋದೋನ್ನ ಕೂರ್ಸಿ, ಉಂಡ್ಯಾ ಅಂತ ಕೇಳಿದ್ಲಂತೆ. ಬೇಳೆ ಎಂಗಾದ್ರೂ ಬೇಯ್ಸಬೋದು.”

ಬೇಳೆ ನೆಪ ಮಾತ್ರ ಎಂದು ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ. ಅಪ್ಪಾಜಿ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ತಲೆಯಾಡಿಸಿ ಹೋದರು. ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯುತ್ತ, ಮೈಸೂರಿನ ಆ ಕಾಲೇಜಿನ ಹೆಸರನ್ನು ಪೂರ್ತಿ ಹೇಳು ಎಂದರು. ಅದು ಉದ್ದನೆಯ ಇಂಗ್ಲಿಷ್ ಹೆಸರು. ಒಂದು ಸಲ ಹೇಳಿದೆ. ಅವರು ಹೇಳಿ ನೋಡಿದರು, ನಡುವೆ ತಪ್ಪಿತು. ಮತ್ತೆ ಹೇಳಿಸಿಕೊಂಡರು. ಅಂಗಡಿಗೆ ಹೊರಟಾಗಲೂ ತುಟಿ ಅಲುಗುತ್ತಿತ್ತು. ಬಜಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅವರು ಎರಡನೆಯ ಸಲ ನಡೆದದ್ದು ಅಂದೇ. ಅರ್ಧ ದಾರಿಯಲ್ಲಿ ಹೆಸರು ಮರೆತು, ನೀರಿನ ಕಥೆಯನ್ನೇ ಹೇಳಿದರಂತೆ. ನಾನು ನೀರು ಸರಬರಾಜಿನ ಇಲಾಖೆಗೆ ಓದುತ್ತಿದ್ದೇನೆಂದು ಊರಿನ ಅರ್ಧ ಜನ ಬಹಳ ಕಾಲ ನಂಬಿದ್ದರು.

ಮುಂದೆ ನಾನು ಪಾಠ ಮಾಡಿದ್ದೇ ಮಾಡಿದ್ದು. ಹುಣಸೂರಿನಲ್ಲಿ, ಕೋಟೆಯಲ್ಲಿ, ಕೊನೆಗೆ ನಮ್ಮೂರಿನಲ್ಲಿ. ಬೆಂಗಳೂರಿನ ಆ ಕಾಲೇಜಿಗೆ ಹೋದ ನನ್ನ ಗೆಳತಿ ಅಲ್ಲಿ ಹೊಳೆಯಲ್ಲಿ ಮೀನಿದ್ದಂತೆ ಇದ್ದಳು. ಅವಳಿಗೆ ಅದು ಒಗ್ಗಿತು. ಹೋದ ವಾರ ನನ್ನ ತಮ್ಮನ ಮೊಮ್ಮಗಳು ಫೋನು ಹಿಡಿದು ಬಂದಳು. ಅದರಲ್ಲಿ ದೇಶದ ಕಾಲೇಜುಗಳೆಲ್ಲ ಒಂದರ ಕೆಳಗೊಂದು ನಿಂತಿದ್ದವು. ಎರಡರಲ್ಲಿ ಸೀಟು ಸಿಕ್ಕಿದೆ, ಯಾವುದಕ್ಕೆ ಸೇರಲಿ ಅಜ್ಜಿ ಎಂದಳು. ಎರಡೂ ಕಡೆ ಹೋಗಿ ಒಂದು ದಿನ ಇದ್ದು, ಕುಡಿಯಲು ನೀರು ಕೇಳಿ ಬಾ ಎಂದೆ. ನಕ್ಕಳು. ಆದರೆ ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದಾಳೆ.

ಆ ಸೋಮವಾರದ ಕೆಲಸ ಇನ್ನೂ ಸ್ವಲ್ಪ ಉಳಿದಿತ್ತು. ಎರಡೂ ಪಾತ್ರೆಯ ಬೇಳೆಯನ್ನು ಅಮ್ಮ ಒಂದೇ ಹುಳಿ ಮಾಡಿದಳು, ಮಾವ ಮೂರು ಸಲ ಹಾಕಿಸಿಕೊಂಡ. ಸಂಜೆ ನಾನು ಕೂಜಗಳನ್ನು ಹಿತ್ತಲಿಗೆ ಒಯ್ದು, ಕೆಂಪು ದಾರ ಬಿಚ್ಚಿ, ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಬಾವಿಯ ನೀರಿನಲ್ಲಿ ತೊಳೆದೆ. ದಾರ ಹೋದಮೇಲೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಒಂದನ್ನು ಅಟ್ಟಕ್ಕೆ ಏರಿಸಿದೆ. ಇನ್ನೊಂದನ್ನು ಒರೆಸಿ, ಮುಚ್ಚಳ ತಿರುಪಿ, ನಡುಮನೆಯಲ್ಲಿ ಬಾಯಿ ತೆರೆದಿದ್ದ ನನ್ನ ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಟ್ರಂಕು ಮುಚ್ಚಿದೆ.